ಮೂರನೆಯ ಅಧ್ಯಾಯದಲ್ಲಿ ಸತ್ತವಳು

ಹಳಿಯಾಳ
೧೨ ನವೆಂಬರ್ ೧೯೪೬

ಚಿರಂಜೀವಿ ಶೇಖಪ್ಪನಿಗೆ,

ಸತ್ತುಹೋದ ನಿನ್ನ ಅಕ್ಕ ಮಾಡುವ ಆಶೀರ್ವಾದಗಳು. ಇತ್ತ ನಾನು ಕ್ಷೇಮ.

ನಿನ್ನ ಆತ್ಮಕಥೆಯ ಹಸ್ತಪ್ರತಿ ಬಂದು ಮುಟ್ಟಿತು, ಜೊತೆಗಿದ್ದ ಚೀಟಿಯೂ. ಪುಸ್ತಕ ಧಾರವಾಡದಲ್ಲಿ ಅಚ್ಚಾದ ಮೇಲೆ ನಾನು ನಿನ್ನ ಅಕ್ಕನೆಂದು ಯಾರ ಮುಂದೆಯೂ ಹೇಳಬಾರದೆಂದು ಬೇಡಿಕೊಂಡಿದ್ದೀಯ. ಮೂರನೆಯ ಅಧ್ಯಾಯ ಓದಿದ ಮೇಲೆ ಕಾರಣ ತಿಳಿಯಿತು. ಅದರಲ್ಲಿ ನನ್ನನ್ನು ವಿಷಮಜ್ವರದಿಂದ ಸಾಯಿಸಿದ್ದೀಯ. ಸಾಯುವಾಗ ನಿನ್ನ ಕೈ ಹಿಡಿದು ಚೆನ್ನಾಗಿ ಓದು ಎಂದೆನಂತೆ. ನೀನು ದುಃಖದಲ್ಲಿ ಅನ್ನವನ್ನೇ ಮುಟ್ಟಲಿಲ್ಲವಂತೆ. ಅಕ್ಕನ ಸಾವೇ ನನ್ನನ್ನು ಮನುಷ್ಯನನ್ನಾಗಿ ಮಾಡಿತು ಎಂದು ಬರೆದು ಕೆಳಗೆ ಗೆರೆ ಬೇರೆ ಎಳೆದಿದ್ದೀಯ. ನಾನಿನ್ನೂ ಬದುಕಿದ್ದೇನಲ್ಲಪ್ಪ, ಹಾಗಾದರೆ ನೀನು ಏನು?

ನಡೆದದ್ದು ಇಬ್ಬರಿಗೂ ಗೊತ್ತು. ಗಂಡ ಸತ್ತ ಮೇಲೆ ಐದು ವರ್ಷ ಹಿತ್ತಲ ಕೋಣೆಯಲ್ಲಿ ಕೂತಿದ್ದ ನಾನು ಬಾಬಾಜಾನರ ಕೈ ಹಿಡಿದು ಹಳಿಯಾಳಕ್ಕೆ ಬಂದೆ. ಅಪ್ಪ ಬದುಕಿದ್ದವಳ ಹೆಸರಿಗೆ ಎಳ್ಳುನೀರು ಬಿಟ್ಟು ಊರಿಗೆಲ್ಲ ಊಟ ಹಾಕಿಸಿದ. ಆ ಊಟದಲ್ಲಿ ನೀನು ಎರಡೆರಡು ಸಲ ಗೋಧಿ ಹುಗ್ಗಿ ಬಡಿಸಿಕೊಂಡೆಯಂತೆ. ಅಪ್ಪನದು ಸಿಟ್ಟು, ಅದು ನನಗೆ ಅರ್ಥವಾಗುತ್ತದೆ. ನಿನ್ನದು ಬರೀ ಹೊಟ್ಟೆಬಾಕತನ.

ಕಷ್ಟ ಮನುಷ್ಯನನ್ನು ರೂಪಿಸುತ್ತದೆಂದು ಪುಟಗಟ್ಟಲೆ ಕೊರೆದಿದ್ದೀಯ. ಅಪ್ಪನ ದುಡ್ಡಿನಲ್ಲಿ ಓದಿ ಮುಂಡಗೋಡದಲ್ಲಿ ಮಾಸ್ತರನಾದ ನಿನಗೆ ಯಾವ ಕಷ್ಟ? ನಾನು ಇಲ್ಲಿಗೆ ಬಂದ ಮರುದಿನ ಬಾವಿಯ ಹತ್ತಿರ ನೆರೆಮನೆಯ ಚಾಂದಬಿ ನನ್ನ ಹೆಸರು ಕೇಳಿದಳು. ಮನೆಯಲ್ಲಿ ನೀವೆಲ್ಲ ಮುಂಡೆ ಎಂದೇ ಕರೆದು ಕರೆದು, ನನ್ನ ಹೆಸರು ನನಗೇ ಬಾಯಿಗೆ ಬರಲಿಲ್ಲ. ಕೊಡ ತುಂಬಿ ತಲೆಗೇರಿಸಿದ ಮೇಲೆ ಹೇಳಿದೆ. ಹೇಳುವಾಗ ನಾಚಿಕೆಯಾಯಿತು, ಆದರೆ ಅವತ್ತಿನಿಂದ ನಾನು ಯಾರೆಂದು ನನಗೆ ಅನುಮಾನ ಬಂದಿಲ್ಲ. ಬಾಬಾಜಾನರೂ ಆ ಹೆಸರು ಬದಲಿಸು ಎನ್ನಲಿಲ್ಲ.

ಆದ್ದರಿಂದ ಕೇಳು. ನಾನು ಸುಮ್ಮನಿರುವುದಿಲ್ಲ. ನನ್ನ ಸಾವನ್ನು ಹೊಡೆದುಹಾಕಿ ಆಮೇಲೆ ಅಚ್ಚಿಗೆ ಕೊಡು. ಇಲ್ಲದಿದ್ದರೆ ಪುಸ್ತಕ ಬಿಡುಗಡೆಯ ಸಮಾರಂಭದ ದಿನ ಮುಂದಿನ ಸಾಲಿನಲ್ಲಿ ಬಂದು ಕೂಡುತ್ತೇನೆ. ಹಾರ ಹಾಕಿಸಿಕೊಳ್ಳುವಾಗ ನನ್ನ ಮುಖ ನೋಡುವ ಧೈರ್ಯವಿದ್ದರೆ ನಿನ್ನಿಷ್ಟ.

ಇಂತಿ, ಗಟ್ಟಿಮುಟ್ಟಾಗಿರುವ ನಿನ್ನ ಅಕ್ಕ
ಗುರುಸಿದ್ದವ್ವ

ತಾ.ಕ.: ಅವ್ವ ನನ್ನ ಕೊರಗಿನಲ್ಲೇ ಪ್ರಾಣ ಬಿಟ್ಟಳೆಂದು ಬರೆದದ್ದನ್ನೂ ತೆಗೆ. ಕಾಲು ಗಟ್ಟಿ ಇರುವ ತನಕ ಅವಳು ಸಂತೆಯ ನೆಪ ಮಾಡಿಕೊಂಡು ಬಂದು ನನ್ನ ಮನೆಯಲ್ಲಿ ಉಂಡು ಹೋಗುತ್ತಿದ್ದಳು. ಇದನ್ನು ನಿನಗೆ ತಿಳಿಸುತ್ತೇನೆಂದು ಒಮ್ಮೆ ಹೊರಟಾಗ ಅವ್ವ ನನ್ನನ್ನು ತಡೆದಳು. "ಶೇಖಪ್ಪಗ ಹೇಳಬ್ಯಾಡವಾ," ಅಂದಳು. "ನೀ ಸತ್ತದ್ದು ಅವಗ ಭಾಳ ಚಲೋ ಆಗೇತಿ."