ನಾವಿಬ್ಬರೂ ಕೂಡತಿದ್ದ ಕಲ್ಲು

ಕೂಡಿದ ದೈವಕ್ಕ, ಮುಂದ ಕುಂತವರಿಗೆ, ಹಿಂದ ನಿಂತವರಿಗೆ ಶರಣು ಶರಣು! ಮಂದಿ ಯಾರೂ ಇಲ್ಲೋ ಕರೀಂಸಾಬ್. ನೀನೊಬ್ಬನೇ, ಅದೂ ರೋಜಾ ಓಣಿಯ ಖಬರಸ್ತಾನದಾಗ ಮಲಗೀದಿ. ಆದರೂ ಸುದ್ದಿ ಒಪ್ಪಸತೀನಿ.

ಇವತ್ತು ಕುಸನೂರಿನಾಗ ನಮ್ಮ ಗಾಳದ ಸಂಘದ ಮೀಟಿಂಗ್ ನಡೀತು. ಕಮಲಾಪುರದ ಕೆರೆ ದಂಡೆಯಾಗ ನಾವಿಬ್ಬರೂ ಪ್ರತಿ ರವಿವಾರ ಗಾಳ ಹಾಕಿ ಕೂಡತಿದ್ದ ಕಲ್ಲಿನ ಬುಡಕ್ಕ ಮೀನು ತತ್ತಿ ಇಟ್ಟಾವಂತ. ಅಲ್ಲಿ ಬೇಲಿ ಹಾಕಬೇಕು, ಯಾರೂ ಕಾಲಿಡಬಾರದು ಅಂತ ರೇವಣ ಠರಾವು ತಂದ. ನ್ಯಾಯದ ಮಾತೇ.

"ಠರಾವು ಓದಾಕ ಮೈಕ್ ಎಲ್ಲೈತಿ?" ಅಂದ.

"ಮಾಳಿಂಗಣ್ಣ ಇರೋತನಕ ಮೈಕ್ ಯಾಕ ಬೇಕ್ರಿ? ಪೂರಾ ಕಲಬುರಗಿ ಕೇಳತೈತಿ," ಅಂದಳು ಸೆಕ್ರೆಟರಿ ರಾಜೇಶ್ರೀ, ನನ್ನ ಕಡೆ ಕೈ ಮಾಡಿ. ಎಲ್ಲಾರೂ ನಕ್ಕರು.

ನಾನು ಎದ್ದು ಬಯಲಾಟದ ರಾಜಪಾರ್ಟಿನ ದನಿಯಾಗ "ಆ ಕಲ್ಲು ಇವತ್ತಿನಿಂದ ಬಂದ್!" ಅಂತ ಗುಡುಗಿದೆ. ಚಪ್ಪಾಳೆ ಬಿದ್ದವು. ಚಾ ಬಂತು, ಕುಡಿದೆ. ನೀ ಹೋದ ಮ್ಯಾಲೂ ಆ ಕಲ್ಲಿನ ಮ್ಯಾಲೆ ನಿನ್ನ ಪಾಲಿನ ಜಾಗಾ ಬಿಟ್ಟೇ ಕೂಡತಿದ್ದೆ ಅಂತ ಯಾರಿಗೂ ಹೇಳಲಿಲ್ಲ.

ಬೇಲಿಯ ಕೆಲಸ ನಾನೇ ಕೇಳಿ ಇಸಗೊಂಡೀನಿ. ನಾಳೆ ಮುಂಜಾನೆ ಜಾಲಿ ಮುಳ್ಳಿನ ಕಂಟಿ ಹೇರಿಕೊಂಡು ಕಮಲಾಪುರಕ್ಕ ಹೋಗತೀನಿ. ನಿನ್ನ ಜಾಗಾ, ನನ್ನ ಜಾಗಾ ಎರಡೂ ಒಳಗ ಉಳಿಯೋ ಹಂಗ ಕಂಟಿ ಬಿಗಿದು, ಹೊರಗ ನಿಂದ್ರತೀನಿ.