ಎದುರು ಮನೆಯ ಹಳದಿ ಫ್ರಾಕು

ಬಸ್ ಬಾರದ ಬಸ್ ನಿಲ್ದಾಣ,
ಸೋಮವಾರ, ನೀರಿನ ಟ್ಯಾಂಕರ್ ಬರುವುದಕ್ಕೆ ಸ್ವಲ್ಪ ಮುಂಚೆ

ಅಖಂಡ ಭೂಮಂಡಲದ ಅಕ್ಕಂದಿರಲ್ಲೆಲ್ಲ ಅಗ್ರಗಣ್ಯಳೂ, ನನ್ನ ಎಡಗಿವಿ ಹಿಂಡುವ ಸರ್ವಾಧಿಕಾರವನ್ನು ನಾನು ಹುಟ್ಟಿದ ದಿನದಿಂದಲೇ ಚಲಾಯಿಸಿದವಳೂ, ಚೀರಾಡುವ ರೋಗಿಗಳನ್ನು ಒಂದೇ ನೋಟದಲ್ಲಿ ತೆಪ್ಪಗಾಗಿಸುವ ನರ್ಸಮ್ಮನೂ, ಭಾವ ಎಂಬ ಸಾಧುಪ್ರಾಣಿಯ ಏಕಚಕ್ರಾಧಿಪತಿಯೂ, ಕುಮಾರಿ ಪುಟ್ಟಿಯವರ ಮಾತೃಶ್ರೀಯೂ ಆದ ಅಕ್ಕಾವರ ಪಾದಾರವಿಂದಗಳಿಗೆ (ಹೋದ ಸಲ ನೋಡಿದಾಗ ಹಿಮ್ಮಡಿ ಒಡೆದಿತ್ತು, ಏನಾದರೂ ಹಚ್ಚಿಕೋ) ನಿನ್ನ ಕಪಿಯ ಸಾಷ್ಟಾಂಗ ಪ್ರಣಾಮಗಳು.

ನಗಬೇಡ. ಇದು ಗಂಭೀರ ಪತ್ರ. ನಾನು ಗಂಭೀರವಾಗಿ ಬಾಯಿ ತೆರೆದರೆ ಸಾಕು, ನೀನು ಹೊಟ್ಟೆ ಹಿಡಿದುಕೊಳ್ಳುತ್ತೀಯ. ಮೆಸೇಜ್ ಕಳಿಸಿದರೆ ಹಲ್ಲು ಕಿರಿಯುವ ಬೊಂಬೆಯೊಂದನ್ನು ವಾಪಸು ಕಳಿಸಿ ಕೈ ತೊಳೆದುಕೊಳ್ಳುತ್ತೀಯ. ಫೋನ್ ಮಾಡೋಣ ಅಂದರೆ ಇಲ್ಲಿ ಸಿಗ್ನಲ್ ಸಿಗುವುದು ತಾರಸಿಯ ನೀರಿನ ಟ್ಯಾಂಕಿನ ಮಗ್ಗುಲಲ್ಲಿ ಮಾತ್ರ. ನಾನು ಮೆಟ್ಟಿಲು ಹತ್ತಿದರೆ ಯಾರ ಹತ್ತಿರ ಮಾತಾಡ್ತಿದೀಯ, ನನಗೂ ಕೊಡೋ ಅಂತ ಅಮ್ಮ ಏದುಸಿರು ಬಿಡುತ್ತಾ ಹಿಂದೆಯೇ ಹತ್ತುತ್ತಾಳೆ. ಅವಳ ಎದುರಿಗೆ ಹೇಳುವ ಮಾತಲ್ಲ ಇದು. ಅದಕ್ಕೇ ಈ ಕಾಗದ.

ನೀನೂ ಭಾವನೂ ನೋಡಿಕೊಂಡು ಹೋದಿರಲ್ಲ, ನಮ್ಮ ಎದುರು ಬ್ಲಾಕಿನ ಮನೆ, ಅದರ ಕರಾರುಪತ್ರ ಕೊರಿಯರಿನಲ್ಲಿ ನಿನ್ನ ಕಡೆ ಹೊರಟಿದೆ. ಶುಕ್ರವಾರದೊಳಗೆ ಸಹಿ ಮಾಡಿ ಕಳಿಸಿಬಿಡಿ, ಆಮೇಲೆ ಕೇಳಿದರೂ ಸಿಗಲ್ಲ ಅಂದಿದ್ದಾನಂತೆ ಟೈ ಅಣ್ಣ. ನೆನಪಿದೆಯಲ್ಲ, ಮನೆ ಮಾರುವ ಆ ಮಹಾನುಭಾವ? ಸಿಮೆಂಟಿನ ಧೂಳಿನಲ್ಲೂ ಟೈ ಬಿಚ್ಚದವನು. ಸಿಗಲ್ಲ ಅನ್ನುವುದು ಶುದ್ಧ ಸುಳ್ಳು. ಆ ಬ್ಲಾಕಿನಲ್ಲಿ ಯಾವ ಮನೆ ಬೇಕಾದರೂ ಸಿಗುತ್ತದೆ, ಯಾವತ್ತು ಬೇಕಾದರೂ ಸಿಗುತ್ತದೆ. ಸಹಿ ಹಾಕಿದ ಮೇಲೆ ಮಾತ್ರ ಬಿಡಿಸಿಕೊಳ್ಳುವ ದಾರಿ ಇಲ್ಲ. ಟೈ ಅಣ್ಣನ ಕೈಗೆ ಹೋದದ್ದು ತಿರುಗಿ ಬಂದದ್ದನ್ನು ಇಲ್ಲಿ ಯಾರೂ ಕಂಡಿಲ್ಲ.

ಅಕ್ಕಾ, ಸಹಿ ಹಾಕಬೇಡ.

ಹೇಳಿದೆ. ಇನ್ನು ಯಾಕೆ ಅಂತ ಹೇಳುತ್ತೇನೆ.

ಅಪ್ಪನಿಂದ ಶುರುಮಾಡುತ್ತೇನೆ, ಹಿರಿಯರು. ಅವರು ದಿನಾ ಬೆಳಿಗ್ಗೆ ತಲೆ ಬಾಚಿ, ಇಸ್ತ್ರಿ ಮಾಡಿದ ಖಾಕಿ ಅಂಗಿ ತೊಟ್ಟು, ಈಗ ನಾನು ಕೂತಿರುವ ಇದೇ ನಿಲ್ದಾಣಕ್ಕೆ ಬಂದು ಕೂರುತ್ತಾರೆ. ಸೊಗಸಾದ ನಿಲ್ದಾಣ. ಕಲ್ಲುಬೆಂಚು, ತಗಡಿನ ಸೂರು, ಗಾಜಿನೊಳಗೆ ವೇಳಾಪಟ್ಟಿ ಹಾಕಲು ಚೌಕಟ್ಟು. ಇಲ್ಲದ್ದು ಬಸ್ಸು ಒಂದೇ. ಜೀವಮಾನವಿಡೀ ಬಸ್ ಓಡಿಸಿದ ಮನುಷ್ಯ ಬಸ್ಸೇ ಬಾರದ ಕಡೆ ಮನೆ ಹೇಗೆ ಕೊಂಡರು ಅಂತ ನೀನು ಕೇಳಬಹುದು. ನಾನೂ ಕೇಳಿದೆ. ಹೇಳಿದರು: ಮನೆ ನೋಡಲು ಬಂದ ದಿನ ಟೈ ಅಣ್ಣ ತನ್ನ ಕಾರಿನಲ್ಲಿ ಕರೆತಂದ, ಹಿಂದಿನ ಸೀಟಿನಲ್ಲಿ ಕೂರಿಸಿದ, ಎ.ಸಿ. ಹಾಕಿದ. ಹಿಂದಿನ ಸೀಟಿನಲ್ಲಿ ಕೂತು ಅಭ್ಯಾಸ ಇಲ್ಲ ಕಣೋ, ರಸ್ತೆ ಕಾಣಲೇ ಇಲ್ಲ, ಹಾಯಾಗಿತ್ತು, ನಿದ್ದೆ ಬಂತು.

ಈಗ ದಿನಾ ಕೂತು ರಸ್ತೆ ನೋಡುತ್ತಾರೆ. ನೋಡಿ ನೋಡಿ ಕಂಡುಕೊಂಡ ಸತ್ಯವನ್ನು ಒಂದು ದಿನ ನನ್ನ ಕಿವಿಗೆ ಹಾಕಿದರು. ಟ್ರಾನ್ಸ್‌ಫಾರ್ಮರ್ ಹತ್ತಿರದ ತಿರುವು ಇದೆಯಲ್ಲ, ಅಲ್ಲಿ ಬಸ್ಸು ತಿರುಗುವುದಿಲ್ಲ. ಕಂಬ ಕಿತ್ತರೂ ತಿರುಗುವುದಿಲ್ಲ. ಎರಡೂ ಕಡೆ ಗೋಡೆ ಎದ್ದಾಗಿದೆ. ಇವತ್ತಲ್ಲ, ಇನ್ನು ಇಪ್ಪತ್ತು ವರ್ಷಕ್ಕೂ ಇಲ್ಲಿಗೆ ಬಸ್ಸು ಬರಲ್ಲ, ನಿಮ್ಮಮ್ಮನಿಗೆ ಹೇಳಬೇಡ ಅಂದರು. ಇಷ್ಟು ಹೇಳಿದವರು ಮುಂದಿನ ಭಾನುವಾರ ಮನೆ ನೋಡಲು ಬಂದ ದಂಪತಿಗಳಿಗೆ ಬಸ್ಸು ಇನ್ನೇನು ಬಂದೇಬಿಡ್ತು ಸ್ವಾಮಿ ಅನ್ನುತ್ತಿದ್ದರು. ನಿಮಗೆ ಹೇಗೆ ಗೊತ್ತು ಅಂತ ಆ ಯಜಮಾನ ಕೇಳಿದ್ದಕ್ಕೆ, ನಾನು ಬಸ್ ಡ್ರೈವರ್ರು ಅಂದರು. ಅವರು ನಂಬಿದರು. ನಂಬದೆ ಏನು ಮಾಡುತ್ತಾರೆ, ಖಾಕಿ ಅಂಗಿ ಬೇರೆ.

ನಮ್ಮನ್ನೂ ಹೀಗೇ ನಂಬಿಸಲಾಗಿತ್ತು. ಕೆಳಗಿನ ಮನೆಯ ಡ್ರಾಯಿಂಗ್ ಮೇಷ್ಟ್ರನ್ನು ನೀನು ನೋಡಿದ್ದೀಯ. ಅಪ್ಪ ಮೊದಲ ಸಲ ಬಂದ ದಿನ ಅವರು ಬಾಲ್ಕನಿ ತುಂಬ ಹೂವಿನ ಕುಂಡ ಇಟ್ಟುಕೊಂಡು ನೀರು ಹಾಕುತ್ತಾ, ಸ್ವರ್ಗ ಸಾರ್ ಇದು, ಬಸ್ಸೊಂದು ಬಂದರೆ ಸಾಕು, ಅದೂ ಮುಂದಿನ ತಿಂಗಳೇ ಅಂದಿದ್ದರಂತೆ. ನಾವು ಸಾಮಾನು ಇಳಿಸಿದ ವಾರವೇ ಕುಂಡಗಳು ಮಾಯ. ಅವು ಟೈ ಅಣ್ಣನ ಆಫೀಸಿನವು. ಅಪ್ಪ ಜಗಳಕ್ಕೆ ಹೋದರು. ಮೇಷ್ಟ್ರು ಕೋಪಿಸಿಕೊಳ್ಳಲಿಲ್ಲ, ಕುರ್ಚಿ ಹಾಕಿ ಕೂರಿಸಿದರು. ನನಗೂ ಯಾರೋ ಹೇಳಿದ್ರು, ನಾನು ನಿಮಗೆ ಹೇಳಿದೆ, ನಾಲ್ಕು ಜನ ಆದರೆ ತಾನೇ ನೀರು, ದೀಪ, ಬಸ್ಸು ಎಲ್ಲಾ ಬರೋದು, ನೀವೂ ಯಾರಿಗಾದರೂ ಹೇಳಿ ಅಂದರು. ಅಪ್ಪ ಬೈಯಲು ಹೋದವರು ಕಾಫಿ ಕುಡಿದು ಬಂದರು.

ಈಗ ಅಮ್ಮನ ವಿಷಯ. ಇದನ್ನು ಹೇಗೆ ಬರೆಯುವುದೋ ಗೊತ್ತಾಗದೆ ಟ್ಯಾಂಕರ್ ಬರುವವರೆಗೂ ಪೆನ್ನು ಕಚ್ಚುತ್ತಾ ಕೂತಿದ್ದೆ. ಮೂರು ಕೊಡ ನೀರು ಮೆಟ್ಟಿಲು ಹತ್ತಿ ಮನೆಗೆ ಹೊತ್ತುಹಾಕಿ ಬಂದೆ. ಲಿಫ್ಟಿಗೆ ಸುತ್ತಿದ ಪ್ಲಾಸ್ಟಿಕ್ ಇನ್ನೂ ಬಿಚ್ಚಿಲ್ಲ, ಹೊಚ್ಚಹೊಸದು, ಓಡಿದ್ದಿಲ್ಲ.

ಹಳೇ ಬಾಡಿಗೆ ಮನೆಯಲ್ಲಿ ಅಮ್ಮನ ಹೊಲಿಗೆ ಯಂತ್ರ ಕಿಟಕಿ ಪಕ್ಕ ಇತ್ತಲ್ಲ. ಓಣಿಯಲ್ಲಿ ಹೋಗುವ ಹೆಂಗಸರೆಲ್ಲ ಕಿಟಕಿಯಿಂದಲೇ ಬಟ್ಟೆ ಕೊಟ್ಟು, ಕಿಟಕಿಯಿಂದಲೇ ಊರಿನ ಸುದ್ದಿಯನ್ನೆಲ್ಲಾ ಸುರಿದು ಹೋಗುತ್ತಿದ್ದರು. ಇಲ್ಲೂ ಕಿಟಕಿ ಪಕ್ಕವೇ ಇಟ್ಟಳು. ಕಿಟಕಿಯಾಚೆ ಎದುರು ಬ್ಲಾಕು, ಅದರಲ್ಲಿ ಖಾಲಿ ಕಿಟಕಿಗಳು. ಹೊಲಿಸಿಕೊಳ್ಳುವವರಿಲ್ಲ. ಸ್ವಲ್ಪ ದಿನ ನಮ್ಮ ದಿಂಬಿನ ಚೀಲ ಹೊಲಿದಳು, ಆಮೇಲೆ ದಿಂಬಿನ ಚೀಲಕ್ಕೆ ಚೀಲ ಹೊಲಿದಳು. ಆಮೇಲೆ ಯಂತ್ರದ ಮೇಲೆ ಬಟ್ಟೆ ಹೊದಿಸಿಬಿಟ್ಟಳು. ಮಾತೂ ಕಮ್ಮಿಯಾಯಿತು. ನಾನು ಎಂಥ ಕೋತಿಚೇಷ್ಟೆ ಮಾಡಿದರೂ ಹ್ಞೂ ಅನ್ನುವಳು. ಒಂದು ದಿನ ಅವಳ ಚಪ್ಪಲಿಯನ್ನು ಫ್ರಿಜ್ಜಿನಲ್ಲಿಟ್ಟೆ. ಸುಮ್ಮನೆ ತೆಗೆದು ಮೆಟ್ಟಿಕೊಂಡಳು. ಆಗ ನನಗೆ ಭಯವಾಯಿತು.

ಅಷ್ಟರಲ್ಲಿ ಟೈ ಅಣ್ಣ ಬಂದ. ಭಾನುವಾರ ಗಿರಾಕಿಗಳು ಬರುತ್ತಾರೆ, ಖಾಲಿ ಬಾಲ್ಕನಿ ನೋಡಿ ಹೆದರಿ ಓಡುತ್ತಾರೆ, ಒಂದಿಷ್ಟು ಬಟ್ಟೆ ಒಣಹಾಕಿ, ಬೀಗದ ಕೈ ಕೊಡ್ತೀನಿ ಅಂದ. ಹೀಗಾಗಿ ನಿನ್ನ ತಮ್ಮನಾದ ನಾನು ಸಮಸ್ತ ಖಾಲಿ ಬಾಲ್ಕನಿಗಳ ವಸ್ತ್ರ ಪ್ರದರ್ಶನಾಧಿಕಾರಿಯಾಗಿ ನೇಮಕಗೊಂಡೆ. ಮೊದಮೊದಲು ನಮ್ಮ ಬಟ್ಟೆಯನ್ನೇ ಹಾಕಿದೆ. ಅಪ್ಪನ ನೀಲಿ ಪಟ್ಟೆ ಪೈಜಾಮ ಬೆಳಿಗ್ಗೆ ಒಂದು ಮನೆಯಲ್ಲಿ, ಮಧ್ಯಾಹ್ನ ಇನ್ನೊಂದು ಮನೆಯಲ್ಲಿ. ಗಿರಾಕಿ ಹೆಂಗಸೊಬ್ಬಳು ಇಲ್ಲಿಯವರೆಲ್ಲ ಒಂದೇ ಥಾನಿನ ಬಟ್ಟೆ ತರ್ತೀರಾ ಅಂತ ಕೇಳಿಬಿಟ್ಟಳು. ಟೈ ಅಣ್ಣ ಬೆವೆತು, ಮರುದಿನವೇ ಒಂದು ಗಂಟು ಬಟ್ಟೆ ತಂದು ಅಮ್ಮನ ಮುಂದೆ ಇಳಿಸಿದ.

ಅಮ್ಮ ಯಂತ್ರದ ಹೊದಿಕೆ ತೆಗೆದಳು.

ಅಕ್ಕಾ, ಅವಳು ಬಟ್ಟೆ ಹೊಲಿಯಲಿಲ್ಲ, ಜನರನ್ನೇ ಹೊಲಿದಳು. ಮೂರನೇ ಮಹಡಿಯವನಿಗೆ ಹೊಟ್ಟೆ ಬಂದಿದೆ ಅಂತ ಅಂಗಿಯನ್ನು ಅಗಲ ಬಿಟ್ಟಳು. ಅವನ ಹೆಂಡತಿಗೆ ಗಾಢ ಬಣ್ಣವೇ ಆಗಬೇಕು, ಸ್ವಲ್ಪ ಜಂಬ ಅಂದಳು. ಮೊದಲ ಮಹಡಿಯ ಅಜ್ಜ ಗುಂಡಿ ಹಾಕಲು ಕಷ್ಟಪಡುತ್ತಾನೆ ಅಂತ ಲಾಡಿ ಇಟ್ಟಳು. ನಾನು ನಕ್ಕೆ, ಅವಳೂ ನಕ್ಕಳು, ಎಷ್ಟೋ ತಿಂಗಳ ಮೇಲೆ. ಸಂಜೆ ನಾನು ಬಟ್ಟೆ ತೆಗೆದುಕೊಂಡು ಬಂದರೆ ಅವರೆಲ್ಲ ಹೇಗಿದ್ದಾರೋ ಅಂತ ಕೇಳುತ್ತಾಳೆ. ಅಜ್ಜನಿಗೆ ಕೆಮ್ಮು, ಜಂಬದವಳು ಮುಖ ಊದಿಸಿಕೊಂಡಿದ್ದಾಳೆ ಅಂತ ನಾನೂ ಏನೋ ಒಂದು ಹೇಳುತ್ತೇನೆ. ಮೊದಲು ಇದು ಆಟ ಅಂದುಕೊಂಡಿದ್ದೆ.

ನೀನು ಕೊಳ್ಳಲಿರುವ ಮನೆಯ ಪಕ್ಕದ ಬಾಲ್ಕನಿಯಲ್ಲಿ ಹಳದಿ ಫ್ರಾಕು ಇತ್ತು, ಜೇಬಿನ ಮೇಲೆ ಪುಟ್ಟ ಮೀನು. ನೀನು ಬಂದ ದಿನ ಅದನ್ನು ನೋಡಿ ಭಾವನ ತೋಳು ಹಿಡಿದು, ಅಯ್ಯೋ ನಮ್ಮ ಪುಟ್ಟಿ ಅಳತೆಯದೇ ಮಗು ಇದೆ ಕಣ್ರೀ ಅಂದೆ. ಅಲ್ಲಿಯವರೆಗೂ ನೀನು ಗೋಡೆ ತಟ್ಟುತ್ತಿದ್ದೆ, ನಲ್ಲಿ ತಿರುಗಿಸುತ್ತಿದ್ದೆ, ಸ್ಕೂಲು ಎಲ್ಲಿ ಅಂತ ಟೈ ಅಣ್ಣನನ್ನು ಅರೆಯುತ್ತಿದ್ದೆ. ಆಮೇಲೆ ಏನೂ ಕೇಳಲಿಲ್ಲ. ಯಾವ ಮಕ್ಕಳ ಹತ್ತಿರವೂ ಮಾತಾಡದ ಪುಟ್ಟಿ ಆ ಫ್ರಾಕಿಗೆ ಕೈ ಬೀಸಿ, ಅವಳ ಹೆಸರೇನಜ್ಜಿ ಅಂತ ಕೇಳಿತು. ಅಮ್ಮ ಒಂದು ಚೂರೂ ತಡವರಿಸದೆ, ಅವಳು ಅವರ ಅಜ್ಜಿ ಮನೆಗೆ ಹೋಗಿದ್ದಾಳೆ ಪುಟ್ಟಿ, ನೀನು ಬರೋ ಹೊತ್ತಿಗೆ ಬಂದಿರ್ತಾಳೆ, ಅವಳನ್ನೇ ಕೇಳು ಅಂದಳು. ನನಗೆ ನಗು ಉಕ್ಕಿ ಬಂದು ಅಮ್ಮನ ಮುಖ ನೋಡಿದೆ. ನಗು ಅಲ್ಲೇ ನಿಂತಿತು.

ಆ ಮಗು ಇಲ್ಲ, ಅಕ್ಕಾ. ಈ ಬಡಾವಣೆಯಲ್ಲಿ ಮಕ್ಕಳೇ ಇಲ್ಲ. ಶಾಲೆಗೆ ಮೀಸಲು ಅನ್ನುವ ಬೋರ್ಡಿದೆ, ಅದರ ಸುತ್ತ ಮುಳ್ಳು, ಕಟ್ಟಿದವರು ಬಿಟ್ಟುಹೋದ ಕಬ್ಬಿಣ. ಉದ್ಯಾನ ಅಂತ ನಿನಗೆ ತೋರಿಸಿದ ಹುಲ್ಲು ಚಾಪೆಯದು, ಸೋಮವಾರ ಸುತ್ತಿ ಒಳಗಿಡುತ್ತಾರೆ. ಹೋದ ತಿಂಗಳು ಅಮ್ಮನಿಗೆ ಜ್ವರ ಏರಿದಾಗ ಆಟೋದವನು ವಿಳಾಸ ಕೇಳಿ ನಕ್ಕು ಫೋನಿಟ್ಟ. ನಾನೂ ಅಪ್ಪನೂ ಅವಳನ್ನು ಮುಖ್ಯರಸ್ತೆಯವರೆಗೆ ನಡೆಸಿಕೊಂಡು ಹೋದೆವು, ನಡುವೆ ಮೂರು ಕಡೆ ಕೂರಿಸಿಕೊಂಡು. ನಿನಗೆ ಹೇಳಬೇಡ ಅಂದಿದ್ದಳು.

ನಿಮ್ಮಿಬ್ಬರ ದುಡಿಮೆಯನ್ನೆಲ್ಲ ಸುರಿದು ಇಲ್ಲಿಗೆ ಬಂದು ಏನು ಮಾಡುತ್ತೀರ? ನೀನು ಆಸ್ಪತ್ರೆಗೆ ಹೋಗಲು ಕತ್ತಲಲ್ಲೇ ಹೊರಡಬೇಕು, ಬರುವಾಗಲೂ ಕತ್ತಲು. ಪುಟ್ಟಿ ಬಾಲ್ಕನಿಯಲ್ಲಿ ನಿಂತು ಪಕ್ಕದ ಫ್ರಾಕನ್ನು ಮಾತಾಡಿಸುತ್ತದೆ. ಇನ್ನೊಂದು ಹೇಳುತ್ತೇನೆ ಕೇಳು. ಮೊನ್ನೆ ಅಮ್ಮ ಆ ಫ್ರಾಕಿನ ಮಡಿಕೆ ಬಿಚ್ಚಿ ಉದ್ದ ಮಾಡುತ್ತಿದ್ದಳು. ಯಾಕಮ್ಮಾ ಅಂದರೆ, ಮಕ್ಕಳು ಬೆಳೀತಾವೆ ಕಣೋ, ಹಾಗೇ ಇದ್ದರೆ ನೋಡಿದವರು ಏನಂದ್ಕೋತಾರೆ ಅಂದಳು. ಇಲ್ಲಿ ನೋಡುವವರು ಯಾರಿದ್ದಾರೆ ಅಂತ ಕೇಳಬೇಕೆಂದಿದ್ದೆ. ಸೂಜಿಗೆ ದಾರ ಪೋಣಿಸಿಕೊಟ್ಟೆ.

ನೀನು ಬರುತ್ತೀಯ ಅಂದಾಗಿನಿಂದ ಅವಳು ಸಂಜೆ ತಲೆ ಬಾಚಿಕೊಳ್ಳುತ್ತಿದ್ದಾಳೆ. ನಿನ್ನ ಮನೆಯ ಅಡುಗೆಮನೆ ಕಿಟಕಿಯೂ ನಮ್ಮದೂ ಎದುರುಬದುರು, ಇಲ್ಲಿಂದಲೇ ಒಗ್ಗರಣೆಗೆ ಸೀನಬಹುದು ಅಂತ ಲೆಕ್ಕ ಹಾಕುತ್ತಾಳೆ. ಅದನ್ನು ನೋಡುತ್ತಾ ಈ ಕಾಗದ ಬರೆಯುವುದು ಎಷ್ಟು ಕಷ್ಟ ಅಂತ ನಿನಗೆ ತಿಳಿಯಲಿ. ಆದರೂ ಬರೆದಿದ್ದೇನೆ. ಹುಟ್ಟಿದಂದಿನಿಂದ ನಿನಗೆ ಹೇಳಿದ ಸುಳ್ಳುಗಳನ್ನೆಲ್ಲ ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ಇದೊಂದು ನಿಜವನ್ನು ಇನ್ನೊಂದರಲ್ಲಿಡುತ್ತಿದ್ದೇನೆ. ಭಾವನಿಗೂ ಓದಿ ಹೇಳು. ಪುಟ್ಟಿಗೆ, ಆ ಹುಡುಗಿ ಅಜ್ಜಿ ಮನೆಯಲ್ಲೇ ಉಳಿದುಕೊಂಡಳಂತೆ ಅಂತ ಹೇಳು. ಕರಾರುಪತ್ರವನ್ನು ಹರಿದು ಎಸೆ. ನೀವು ಎಲ್ಲಾದರೂ ಬಸ್ಸು ತಿರುಗುವ ಕಡೆ ಮನೆ ಮಾಡಿ.

ಇಂತಿ ನೀನು ಹಿಂಡುವ ಎಡಗಿವಿಯ ಏಕೈಕ ಆಸ್ತಿದಾರ,
ಖಾಲಿ ಬಾಲ್ಕನಿಗಳ ವಸ್ತ್ರ ಪ್ರದರ್ಶನಾಧಿಕಾರಿ,
ಕಪಿ

ತಾ.ಕ.: ಮೇಲಿರುವ ಸೋಮವಾರ ಸುಳ್ಳಲ್ಲ, ಆದರೆ ಅದು ಹೋದ ಸೋಮವಾರ. ಅಂಚೆಗೆ ಹಾಕಲೆಂದು ಅವತ್ತೇ ಮುಖ್ಯರಸ್ತೆಯವರೆಗೆ ನಡೆದಿದ್ದೆ. ಡಬ್ಬದ ಬಾಯಿಗೆ ಅರ್ಧ ತೂರಿಸಿ, ಮತ್ತೆ ಎಳೆದುಕೊಂಡು ಜೇಬಿಗಿಟ್ಟುಕೊಂಡೆ. ಇವತ್ತು ಬೆಳಿಗ್ಗೆ ಟೈ ಅಣ್ಣ ಬಂದು ನಿನ್ನ ಸಹಿ ತೋರಿಸಿದ. ಅಮ್ಮ ನಿನ್ನ ಮನೆಯ ಕಿಟಕಿ ಒರೆಸುತ್ತಿದ್ದಾಳೆ, ಏನೋ ಗುನುಗುತ್ತಾ. ಇನ್ನು ಪರವಾಗಿಲ್ಲ ಅನಿಸಿ ಈಗ ಡಬ್ಬಕ್ಕೆ ಹಾಕುತ್ತಿದ್ದೇನೆ.