ಆಟದ ರೈಲು ಹತ್ತದ ಪುಟ್ಟಿ

ಅಕ್ಕಾ, ನಿನ್ನ ಉಪಾಯ ತಿರುಗುಬಾಣವಾಯಿತು. ಆಸ್ಪತ್ರೆಯ ಬೇಸರ ತಟ್ಟದಿರಲೆಂದು ಪ್ರತಿ ಇಂಜೆಕ್ಷನ್ನಿನ ಹಿಂದಿನ ದಿನ ಪುಟ್ಟಿಯನ್ನು ಎಲ್ಲಾದರೂ ಸುತ್ತಾಡಿಸಿ ಅಂದಿದ್ದೆಯಲ್ಲ, ಹಾಗೇ ಮಾಡಿದೆವು. ಮೀನಿನ ಮನೆ ತೋರಿಸಿದೆವು, ದೋಣಿ ಹತ್ತಿಸಿದೆವು, ಅಂಗಡಿ ಹುಡುಕಿ ಮೂರು ಬಣ್ಣದ ಐಸ್‌ಕ್ರೀಮ್ ತಿನ್ನಿಸಿದೆವು. ಇವತ್ತು ಆಟದ ರೈಲಿನ ಮುಂದೆ ಅವಳು ಕಂಬ ತಬ್ಬಿಕೊಂಡು ನಿಂತುಬಿಟ್ಟಳು.

"ನಾನೇನೂ ನೋಡಲ್ಲಮ್ಮ, ಏನೂ ತಿನ್ನಲ್ಲ. ಆಗ ನಾಳೆ ಚುಚ್ಚಲ್ಲ ಅಲ್ವಾ?" ಅಂದಳು.

ಇವರು ಟಿಕೆಟ್ ಹಿಡಿದುಕೊಂಡೇ ಮುಖ ತಿರುಗಿಸಿಕೊಂಡರು. ರೈಲು ಸೀಟಿ ಊದಿ ಹೊರಟುಹೋಯಿತು.

ಜ್ವರ ಬಿಟ್ಟಿದೆ, ತೂಕ ಮಾತ್ರ ಇಳಿಯುತ್ತಲೇ ಇದೆ. ಗುರುವಾರ ಆಪರೇಷನ್. ಭಾವ ಬರುವಾಗ ಬೊಂಬೆ ಗಿಂಬೆ ತರುವುದು ಬೇಡ. ಬುಧವಾರ ನಾವೂ ಅವಳನ್ನು ಎಲ್ಲಿಗೂ ಕರೆದೊಯ್ಯುವುದಿಲ್ಲ. ಗೆದ್ದೆ ಅಂದುಕೊಂಡು ಮಲಗಲಿ.

ನಿನ್ನ ತಂಗಿ